ನಾವು ಮಾಲಿಗೆ ಸುಮ್ಮನೆ ಹೋದ ಕಥೆ

ಸುಮ್ಮನೆ ಕೂಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಆದೋನಿಯಲ್ಲಿ ಇನ್ನೊಬ್ಬರಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ದೃಢವಾಗಿ ನಂಬಿದ್ದೆ. ಹತ್ತಿ ದಲಾಲಿಯ ಕಸುಬು ನನ್ನದು. ಮಾರ್ಕೆಟ್ ಯಾರ್ಡಿನಲ್ಲಿ ಬೆಳಿಗ್ಗೆ ಎರಡು ತಾಸು ಕೂಗಾಡಿದರೆ ಕೆಲಸ ಮುಗಿಯಿತು. ಮಿಕ್ಕ ಹೊತ್ತೆಲ್ಲ ಕೂಡುವುದೇ. ಮೂವತ್ತು ವರ್ಷ ಹೀಗೆ ಕೂತು ಪಳಗಿದವನಿಗೆ ಒಂದು ಭಾನುವಾರ ಎರಡು ತಾಸು ಮಾಲಿನಲ್ಲಿ ಸುಮ್ಮನೆ ಇದ್ದು ಬರುವುದು ಯಾವ ಮಹಾ ಕೆಲಸ? ಏನೂ ಅಲ್ಲ ಅಂದುಕೊಂಡೆ. ಅಲ್ಲೇ ಕೆಟ್ಟೆ!

ಮೊದಲು ಆ ಸಿನಿಮಾಗಳ ವಿಷಯ ಹೇಳಬೇಕು. ನಮಗೆ ಇಪ್ಪತ್ತು ದಾಟಿದಾಗ ನಮ್ಮ ಓಣಿಯ ಹಿಂದೆ ಒಂದು ವಿಡಿಯೋ ಸೆಂಟರ್ ಇತ್ತು. ತಗಡಿನ ಶೆಡ್ಡು, ನೆಲಕ್ಕೆ ಚಾಪೆ, ಮುಂದೆ ಒಂದು ಟಿವಿ. ನಾನು, ಆಗತಾನೆ ಟೈಲರಿಂಗ್ ಕಲಿಯುತ್ತಿದ್ದ ಖಾದರ್, ನಾಗಲದಿನ್ನೆಯಿಂದ ಕಾಲೇಜಿಗೆಂದು ಬಂದು ಕಾಲೇಜು ಎಲ್ಲಿದೆ ಎಂದು ಕೊನೆಗೂ ಕೇಳದ ಈರಣ್ಣ, ಮೂವರೂ ಅಲ್ಲಿಯ ಕಾಯಂ ಗಿರಾಕಿಗಳು. ಅಲ್ಲಿ ಒಂದು ಜಾತಿಯ ಇಂಗ್ಲಿಷ್ ಸಿನಿಮಾಗಳು ಬರುತ್ತಿದ್ದವು. ಎಲ್ಲದರ ಕಥೆಯೂ ಒಂದೇ. ಮೂರ್ನಾಲ್ಕು ಗೆಳೆಯರು, ಒಂದು ದೊಡ್ಡ ಮಾಲು. ಅಲ್ಲಿ ಅವರಿಗೆ ಏನೂ ಕೆಲಸವಿಲ್ಲ. ಎಸ್ಕಲೇಟರ್ ಹತ್ತುತ್ತಾರೆ, ಇಳಿಯುತ್ತಾರೆ. ಏನೋ ಮೆಲ್ಲುತ್ತಾರೆ. ಯಾರಿಗೂ ಬೇಡದ ವಿಷಯಕ್ಕೆ ಗಂಟೆಗಟ್ಟಲೆ ವಾದ ಹೂಡುತ್ತಾರೆ. ಅದೇ ಮಾಲಿನ ಅಂಗಡಿಯೊಂದರಲ್ಲಿ ಇವರ ಗೆಳೆಯ ಒಬ್ಬ ಕೆಲಸಕ್ಕಿರುತ್ತಾನೆ. ಇವರ ದೆಸೆಯಿಂದ ಅವನ ಕೆಲಸ ಹೋಗುತ್ತದೆ. ಆ ಜಾಗ ಬಂದಾಗ ನಾವು ಚಾಪೆಯ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದೆವು.

ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಈರಣ್ಣನೇ ಅನುವಾದಕ. ಅವನಿಗೂ ತಿಳಿಯುತ್ತಿರಲಿಲ್ಲ, ಆದರೆ ಧೈರ್ಯ ಇತ್ತು.

"ಏನಂತಾನಲೇ ಅವನು?"

"ನಿಮ್ಮಪ್ಪ ಉಳ್ಳಾಗಡ್ಡಿ ಮಾರಿ ಬಂದನೇನು ಅಂತ ಕೇಳಾಕತ್ತಾನ."

"ಈಕಿ?"

"ಇಲ್ಲ, ರೇಟ್ ಬಿದ್ದೈತಿ ಅಂತಾಳ."

ಅಮೆರಿಕದ ಎಲ್ಲ ಮಾಲುಗಳಲ್ಲೂ ಉಳ್ಳಾಗಡ್ಡಿಯ ಚಿಂತೆಯೇ ಇದೆ ಎಂದು ನಾನು ಬಹಳ ದಿನ ತಿಳಿದಿದ್ದೆ.

ನಮ್ಮಲ್ಲಿ ಆಲಸ್ಯ ಬೇಕಾದಷ್ಟಿತ್ತು, ಗೆಳೆಯರಿದ್ದರು. ಇಲ್ಲದ್ದು ಮಾಲ್ ಒಂದೇ. ಮುಂದೆ ಖಾದರ್ ಸ್ವಂತ ಅಂಗಡಿ ಇಟ್ಟಾಗ ನಾವು ಅದನ್ನೇ ಮಾಲ್ ಮಾಡಿಕೊಂಡೆವು. 'ಲೇಡೀಸ್ ಅಂಡ್ ಜೆಂಟ್ಸ್ ಟೈಲರ್' ಎಂದು ಬೋರ್ಡು, ಒಳಗೆ ಬಾಗಿಲ ಪಕ್ಕ ಒಂದು ಬೆಂಚು. ಬೆಂಚು ನಮ್ಮದು. ಯಾರ್ಡು ಮುಗಿಸಿ ನಾನು ಬರುತ್ತಿದ್ದೆ, ಊರಿನ ಬಸ್ಸು ಹಿಡಿದು ಈರಣ್ಣ ಬರುತ್ತಿದ್ದ. ಹೀಗೆ ಮೂವತ್ತು ವರ್ಷ ಸುಖವಾಗಿ ಕಳೆಯಿತು. ಹೋದ ವರ್ಷ ಖಾದರ್ ಅಂಗಡಿ ಮುಚ್ಚಿದ. ಗಿರಾಕಿಗಳಿಲ್ಲ ಅಂದ. "ಈ ರೆಡಿಮೇಡ್ ಸೂಳೇಮಕ್ಕಳು ನಿನ್ನ ಹೊಟ್ಟಿ ಮ್ಯಾಲ ಹೊಡದ್ರಲೇ" ಎಂದು ನಾವಿಬ್ಬರೂ ಬೆಂಚಿನ ಮೇಲೆ ಕೂತೇ ಬೈದೆವು. ಬೆಂಚು ಹೊರಗೆ ಹೋಗುವವರೆಗೂ ಬೈದೆವು.

ಅಷ್ಟರಲ್ಲಿ ಊರಿಗೆ ನಾಲ್ಕು ಅಂತಸ್ತಿನ ಬಟ್ಟೆಯ ಮಾಲು ಬಂತು. ಗಾಜಿನ ಗೋಡೆ, ಒಳಗೆ ತಂಪು, ಓಡುವ ಮೆಟ್ಟಿಲು! ಅಲ್ಲಿ ನಾಲ್ಕನೇ ಅಂತಸ್ತಿನಲ್ಲಿ ಆಲ್ಟರೇಶನ್ ಮಾಡುವುದಕ್ಕೆ, ಬ್ಲೌಸು ಹೊಲಿಯುವುದಕ್ಕೆ ಖಾದರನನ್ನು ತಗೊಂಡರು. ನಮಗೆ ಆನಂದವೋ ಆನಂದ. ಆದರೆ ಕೆಲಸಕ್ಕೆ ಸೇರುವ ಹಿಂದಿನ ದಿನ ಅವನು ನಮ್ಮಿಬ್ಬರನ್ನೂ ಚಹಾದಂಗಡಿಗೆ ಕರೆದು ಕೈ ಮುಗಿದ.

"ಬಸಣ್ಣ, ಈರಣ್ಣ, ಹದಿನೈದು ದಿನ ಟ್ರಯಲ್ ಐತಿ. ಹದಿನೈದು ದಿನ ನನ್ನ ಕಡಿ ಸುಳೀಬ್ಯಾಡ್ರಿ."

"ಯಾಕಲೇ? ನಾವೇನು ಹುಲಿ ಏನು?"

"ಹುಲಿ ಆಗಿದ್ರ ಚಿಂತಿ ಇದ್ದಿಲ್ಲ ಯಾರ್. ಫಾರೆಸ್ಟಿನವ್ರು ಹಿಡಕೊಂಡು ಹೋಗ್ತಿದ್ರು." ಆಮೇಲೆ ದನಿ ತಗ್ಗಿಸಿ ಅಂದ: "ಐವತ್ಮೂರಕ್ಕ ಯಾರು ಕೆಲಸ ಕೊಡ್ತಾರ? ಇದೂ ಹೋತಂದ್ರ ಮಷಿನ್ ಮಾರಬೇಕು ನಾನು. ನಗಬ್ಯಾಡ್ರಿ."

ನಾವು ನಗಲಿಲ್ಲ. ಚಹಾದ ಆಣೆಯಿಟ್ಟು ಮಾತು ಕೊಟ್ಟೆವು. ಎಂಟು ದಿನ ಮಾತು ಉಳಿಸಿಕೊಂಡೆವು, ಅದನ್ನು ಇಲ್ಲಿ ದಾಖಲಿಸಲೇಬೇಕು.

ಒಂಬತ್ತನೆಯ ದಿನ ನನ್ನ ಮೊಬೈಲಿನಲ್ಲಿ ಎಲ್ಲಿಂದಲೋ ಅಂಥದೇ ಒಂದು ಹಳೇ ಸಿನಿಮಾದ ತುಣುಕು ಬಂತು. ಅದೇ ಎಸ್ಕಲೇಟರು, ಅದೇ ಗೆಳೆಯರು, ಅದೇ ಉಡಾಳತನ. ನೋಡುತ್ತ ನೋಡುತ್ತ ಎದೆ ತುಂಬಿ ಬಂತು. ಆಯುಷ್ಯ ಮುಕ್ಕಾಲು ಮುಗಿಯಿತು, ಮಾಲಿನಲ್ಲಿ ಒಂದು ದಿನವಾದರೂ ಸುಮ್ಮನೆ ಅಡ್ಡಾಡಲಿಲ್ಲವಲ್ಲ! ಈರಣ್ಣನಿಗೆ ಫೋನು ಹಚ್ಚಿದೆ. ಅವನು ಭತ್ತಕ್ಕೆ ನೀರು ಬಿಟ್ಟಿದ್ದವನು, ಕಾಲಿನ ಕೆಸರು ತೊಳೆಯದೆಯೇ ಬಸ್ಸು ಹತ್ತಿದ.

ಹೊರಡುವಾಗ ಹೆಂಡತಿ ಶಾರದಾ ಅಡ್ಡ ಬಂದಳು.

"ಎಲ್ಲಿಗ್ರಿ?"

"ಮಾಲಿಗೆ."

"ಏನು ತರಾಕ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರ?"

"ಸುಮ್ನ."

ಆಕೆ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲ ಎಂದು ಖಾತ್ರಿಯಾದ ಮೇಲೆ, "ಖಾದರಣ್ಣ ಬರಬ್ಯಾಡ ಅಂದಾನಲ್ಲ?" ಅಂದಳು.

"ತನ್ನ ಕಡಿ ಬರಬ್ಯಾಡ ಅಂದಾನ. ಅವನು ನಾಲ್ಕನೇ ಫ್ಲೋರಿನಾಗ ಅದಾನ. ನಾವು ಕೆಳಗ ಇರ್ತೀವಿ. ಲೆಕ್ಕಕ್ಕ ಬೇರೆ ಊರು ಇದ್ದಂಗ."

ಈ ವಾದವನ್ನು ಕೇಳಿ ಶಾರದಾ ಒಳಗೆ ಹೋದಳು. ಒಪ್ಪಿದಳು ಎಂದೇ ನಾನು ತಿಳಿದೆ.

ಮಾಲಿನ ಬಾಗಿಲಲ್ಲಿ ಈರಣ್ಣನಿಗೆ ನಿಯಮಗಳನ್ನು ಓದಿ ಹೇಳಿದೆ. ಒಂದು, ಏನನ್ನೂ ಕೊಳ್ಳತಕ್ಕದ್ದಲ್ಲ. ಎರಡು, ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ಮೂರು, ಖಾದರ್ ಎದುರಿಗೆ ಬಂದರೂ ಗುರುತು ಹಿಡಿಯತಕ್ಕದ್ದಲ್ಲ. ಈರಣ್ಣ ತಲೆಯಾಡಿಸಿದ. ಮೊದಲು ಎಸ್ಕಲೇಟರ್ ಎಂದು ತೀರ್ಮಾನಿಸಿ ಅದರ ಬುಡಕ್ಕೆ ಹೋಗಿ ನಿಂತೆವು.

ಈರಣ್ಣ ಸಂಪ್ರದಾಯಸ್ಥ. ಮೆಟ್ಟಿಲು ಫಳಫಳ ಹೊಳೆಯುವುದನ್ನು ಕಂಡು, ಇಷ್ಟು ಚೊಕ್ಕದರ ಮೇಲೆ ಮೆಟ್ಟು ಹಾಕಿ ಹತ್ತುವುದೇ ಎಂದು ತನ್ನ ಎರಡು ಸೇರು ತೂಕದ ಚಪ್ಪಲಿ ಬಿಚ್ಚಿ ಮುಂದಿನ ಮೆಟ್ಟಿಲ ಮೇಲೆ ಇಟ್ಟ. ಇಟ್ಟು, ಧೋತರ ಎತ್ತಿಕೊಳ್ಳುವಷ್ಟರಲ್ಲಿ ಚಪ್ಪಲಿ ಹೊರಟುಬಿಟ್ಟವು!

"ಏ ಬಸಣ್ಣ! ನನ್ನ ಚಪ್ಪಲಿ! ಹಿಡೀಲೇ!"

ಚಪ್ಪಲಿ ಜೋಡಿಯಾಗಿ, ಗಂಭೀರವಾಗಿ, ಯಾರ ಕಡೆಗೂ ನೋಡದೆ ಮೊದಲನೇ ಅಂತಸ್ತಿಗೆ ಏರಿದವು. ಹಿಂದೆ ನಿಂತಿದ್ದ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕರು. ನಾವು ಪಕ್ಕದ ಕಲ್ಲಿನ ಮೆಟ್ಟಿಲು ಹತ್ತಿ ಓಡಿದೆವು. ಮೇಲೆ ಒಬ್ಬ ಹೆಂಗಸು, ಸರೋಜಮ್ಮ ಎಂದು ಎದೆಗೆ ಹೆಸರಿನ ಬಿಲ್ಲೆ, ಚಪ್ಪಲಿಗಳನ್ನು ಒಂದು ಟ್ರೇಯಲ್ಲಿ ಇಟ್ಟುಕೊಂಡು ನಮಗಾಗಿ ಕಾದಿದ್ದಳು. ಧೋತರ, ಶಲ್ಯ ಮಾರುವ ವಿಭಾಗ ಅವಳದು.

"ಕೂರ್ಚೋಂಡಿ ಅಣ್ಣಾ, ಕೂಡ್ರಿ. ದಣದೀರಿ. ಮಜ್ಜಿಗಿ ಕುಡೀರಿ."

ಏದುಸಿರು ಬಿಡುತ್ತಿದ್ದವರು, ಹಿಂದೆಮುಂದೆ ನೋಡದೆ ಎರಡೆರಡು ಲೋಟ ಕುಡಿದುಬಿಟ್ಟೆವು. ಲೋಟ ಕೆಳಗಿಟ್ಟು ನಾನು ಏಳಲು ಹೋದರೆ ಈರಣ್ಣ ನನ್ನ ರಟ್ಟೆ ಹಿಡಿದು ಕೂಡಿಸಿದ.

"ಮಂದಿ ಮಜ್ಜಿಗಿ ಕುಡದೀವಿ. ಹಂಗ ಎದ್ದು ಹೋದ್ರ ಏನಂತಾರ?"

"ನಿಯಮ ಏನಂತ ಐತಿ? ಕೊಳ್ಳಬಾರದು!"

"ಕೊಳ್ಳಬ್ಯಾಡ. ನೋಡಿದಂಗಾದ್ರೂ ಮಾಡೂಣು. ಮರ್ಯಾದಿ ಐತಿಲ್ಲೋ ನಮಗ?"

ನೋಡಿದಂತೆ ಮಾಡಿದೆವು. ಸರೋಜಮ್ಮ ಒಂದು ಧೋತರ ಬಿಚ್ಚಿದಳು. ಈರಣ್ಣ ಉಪಚಾರಕ್ಕೆ "ಚೆಂದ ಐತಿ" ಅಂದ. ಎರಡನೆಯದು ಬಿಚ್ಚಿದಳು. "ಇದೂ ಚೆಂದ ಐತಿ." ಹೀಗೆ ಈರಣ್ಣನ ಮರ್ಯಾದೆ ಏರುತ್ತ ಹೋಗಿ ನಮ್ಮ ಮುಂದೆ ಧೋತರದ ಗುಡ್ಡ ಬಿತ್ತು. ಅವಳ ಹಣೆಯಲ್ಲಿ ಬೆವರು ಕಂಡಿತು. ಈಗ ಒಂದಾದರೂ ಕೊಳ್ಳದೆ ಎದ್ದರೆ ದೇವರು ಮೆಚ್ಚುವುದಿಲ್ಲ. ಕೊಂಡರೆ ಸಿನಿಮಾ ಕೆಟ್ಟಿತು. ಈ ಇಕ್ಕಟ್ಟಿನಿಂದ ಪಾರಾಗಲು ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಬಟ್ಟೆಯಲ್ಲಿ ಐಬು ತೆಗೆಯುವುದು!

ಹತ್ತಿ ದಲಾಲಿ ನಾನು. ಹಿಂಜಿದ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಎಳೆದು ಅದರ ಜಾತಕ ಹೇಳುವವನು. ಒಂದು ಧೋತರ ಎತ್ತಿಕೊಂಡು, "ಇದು ಪ್ಯೂರ್ ಕಾಟನ್ನಾ?" ಎಂದು ಗತ್ತಿನಿಂದ ಕೇಳಿದೆ.

"ನೂರಕ್ಕ ನೂರು ಅಣ್ಣಾ. ಚೀಟಿ ಮ್ಯಾಲ ಐತಿ ನೋಡ್ರಿ."

"ಚೀಟಿ ಇರ್ಲಿ ತಂಗಿ. ದಾರ ಏನು ಹೇಳತೈತಿ ಕೇಳೂಣು."

ಅಂಚಿನಿಂದ ಒಂದು ಎಳೆ ಬಿಡಿಸಿದೆ. ಈರಣ್ಣನ ಬೀಡಿಯ ಬೆಂಕಿಪೊಟ್ಟಣ ಇಸಿದುಕೊಂಡು ಕಡ್ಡಿ ಗೀರಿದೆ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿ ಉದುರಬೇಕು. ಇದು ಮುದುಡಿ, ಕರಗಿ, ತುದಿಯಲ್ಲಿ ಕರ್ರಗೆ ಗಟ್ಟಿ ಗುಂಡು ಕಟ್ಟಿತು. ಪಾಲಿಯೆಸ್ಟರ್!

"ಗುಂಡು ಬಂತು!" ಎಂದು ಕೂಗಿದೆ. ಯಾರ್ಡಿನಲ್ಲಿ ಕೂಗಿ ಕೂಗಿ ಬೆಳೆದ ದನಿ, ಇಡೀ ಅಂತಸ್ತಿಗೆ ಕೇಳಿತು. ಜನ ಸುತ್ತ ನೆರೆದರು. ಊರೇ ಹತ್ತಿಯ ಊರು. ಇಲ್ಲಿ ಬಟ್ಟೆಯ ಜಗಳವೆಂದರೆ ಎಲ್ಲರಿಗೂ ಹಕ್ಕಿದೆ.

"ಅಣ್ಣಾ, ನನ್ನ ಶಲ್ಯ ನೋಡ್ರಿ."

"ನಂದು ಫಸ್ಟು! ನಾನು ಆವಾಗಲೇ ನಿಂತೀನಿ!"

ಆ ಕ್ಷಣ ನನಗೆ ಎಂಥ ಸುಖವಾಯಿತೆಂದರೆ, ಸುಳ್ಳು ಯಾಕೆ ಹೇಳಲಿ, ಮದುವೆಯ ದಿನವೂ ಅಷ್ಟಾಗಿರಲಿಲ್ಲ. ಸಾಲಾಗಿ ನಿಲ್ಲಿಸಿದೆ. ಎಳೆ ತೆಗೆಯುವುದು ಈರಣ್ಣ, ಕಡ್ಡಿ ಗೀರುವುದು ನಾನು. "ಹತ್ತಿ! ಮುಂದ ನಡೀರಿ. ಗುಂಡು! ಬಿಟ್ಟು ಬಿಡ್ರಿ. ಅರ್ಧ ಹತ್ತಿ, ಅರ್ಧ ಮೋಸ!" ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ ಎಂದವನು ಬೆವರು ಸುರಿಸಿ ದುಡಿಯುತ್ತಿದ್ದೆ. ಸರೋಜಮ್ಮ "ಅಣ್ಣಾ, ಬ್ಯಾಡಣ್ಣಾ" ಎಂದು ನನ್ನ ತೋಳು ಜಗ್ಗುತ್ತಿದ್ದಳು. ನಾನು ಮೇಲೆ ಮಾಡಿನಲ್ಲಿ ಕೆಂಪಗೆ ಮಿಣುಕುತ್ತಿದ್ದ ಸಣ್ಣ ದೀಪವನ್ನು ನೋಡಲೇ ಇಲ್ಲ.

ಕಡ್ಡಿ ಎಷ್ಟು ಗೀರಿದೆನೋ ಗೊತ್ತಿಲ್ಲ. ಒಮ್ಮೆಲೇ ಕಿವಿ ಹರಿಯುವ ಹಾಗೆ ಸೈರನ್ ಕೂಗಿತು. ಎಸ್ಕಲೇಟರ್ ಗಕ್ಕನೆ ನಿಂತಿತು. "ಬೆಂಕಿ! ಬೆಂಕಿ!" ಎಂದು ಮೇಲಿನಿಂದ ಜನ ದುಡುದುಡು ಇಳಿದರು. ಮದುವೆ ಜವಳಿಗೆ ಬಂದಿದ್ದ ಹೆಂಗಸರು ಬಿಲ್ಲಾಗದ ಪತ್ತಲ ಸೀರೆಗಳನ್ನು ಹೆಗಲ ಮೇಲೆ ಹಾಕಿಕೊಂಡೇ ಬಾಗಿಲು ದಾಟಿದ್ದರಿಂದ ಬಾಗಿಲಿನ ಕಳ್ಳಗಂಟೆಯೂ ಕೂಗಲು ಹತ್ತಿತು. ಎರಡು ಸೈರನ್ನುಗಳ ನಡುವೆ ಒಬ್ಬ ಮದುಮಗ ಮೆಟ್ಟಿಲಿಳಿದು ಬಂದ. ಕೋಟಿಗೆ ಒಂದೇ ತೋಳು, ಮೈ ತುಂಬ ಗುಂಡುಸೂಜಿ. ಅವನ ಹಿಂದೆ ಕೊರಳಲ್ಲಿ ಟೇಪು, ತುಟಿಯಲ್ಲಿ ಸೂಜಿ ಕಚ್ಚಿಕೊಂಡು, ಇನ್ನೊಂದು ತೋಳನ್ನು ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದವನು ನಮ್ಮ ಖಾದರ್!

ಅವನು ನನ್ನನ್ನು ನೋಡಿದ. ನನ್ನ ಕೈಯಲ್ಲಿ ಇನ್ನೂ ಉರಿಯುತ್ತಿದ್ದ ಕಡ್ಡಿ ನೋಡಿದ. ಏನೂ ಅನ್ನಲಿಲ್ಲ. ತುಟಿಯಲ್ಲಿ ಸೂಜಿ ಇದ್ದವಲ್ಲ.

ಮ್ಯಾನೇಜರು ಬಂದ. ಗುಂಟೂರು ಕಡೆಯವನು, ದಪ್ಪ ಮೀಸೆ. "ಎವರಂಡಿ ಅಗ್ಗಿಪುಲ್ಲ ಗೀಸಿಂದಿ?" ಎಂದು ಗುಡುಗಿದ, ಕಡ್ಡಿ ಗೀರಿದವರು ಯಾರು ಎಂದು. ಅಷ್ಟೊತ್ತು ನನಗಾಗಿ ಸಾಲುಗಟ್ಟಿದ್ದ ಜನ ಒಬ್ಬರಾದ ಮೇಲೆ ಒಬ್ಬರಂತೆ ಬೆರಳು ತೋರಿಸಿ ಸರಿದು ನಿಂತರು. ಪೊಲೀಸರನ್ನು ಕರೆಯುತ್ತೇನೆ ಎಂದು ಅವನು ಫೋನು ತೆಗೆದ. ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಸಾರ್, ನಾವು ಅಂಥಾ ಮಂದಿ ಅಲ್ರಿ! ಬೇಕಾದ್ರ ನಿಮ್ಮ ಖಾದರನ್ನ ಕೇಳ್ರಿ! ಮೂವತ್ತು ವರ್ಷದ ದೋಸ್ತ ಅದಾನ!"

ಈರಣ್ಣ ನನ್ನ ಕಾಲು ತುಳಿದ. ಎರಡು ಸೇರಿನ ಚಪ್ಪಲಿಯಿಂದ ತುಳಿದ. ತಡವಾಗಿತ್ತು. ಮ್ಯಾನೇಜರು ತಿರುಗಿ, "ಖಾದರ್ ಭಾಯ್, ಇವರು ನಿಮಗ ಗೊತ್ತಾ?" ಅಂದ.

ಇಲ್ಲ ಅನ್ನಲೇ ಖಾದರ್, ಇಲ್ಲ ಅನ್ನು ಎಂದು ನಾನು ಮನಸ್ಸಿನಲ್ಲೇ ಮಂತ್ರಾಲಯದ ಸ್ವಾಮಿಗೆ ಉರುಳು ಸೇವೆ ಹೊತ್ತೆ. ಸಿನಿಮಾದಲ್ಲಿ ಇದೇ ಜಾಗದಲ್ಲಲ್ಲವೇ ನಾವು ಹೊರಳಾಡಿ ನಕ್ಕಿದ್ದು! ಕೆಲಸ ಹೋದವನು ಆ ಸಂಜೆ ಮನೆಗೆ ಹೋಗಿ ಏನು ಹೇಳಿದ ಎಂದು ಯಾವ ಸಿನಿಮಾದಲ್ಲೂ ತೋರಿಸಿರಲಿಲ್ಲ, ನಾವೂ ಕೇಳಿರಲಿಲ್ಲ.

ಖಾದರ್ ತುಟಿಯಿಂದ ಸೂಜಿಗಳನ್ನು ಒಂದೊಂದೇ ತೆಗೆದು ಟೇಪಿಗೆ ಸಿಕ್ಕಿಸಿದ.

"ಗೊತ್ತು ಸಾರ್. ನನ್ನ ದೋಸ್ತರು."

"ಆಯ್ತು. ಹಂಗಾದ್ರ ಮೂರು ಮಂದೀನೂ ಹೊರಗ ನಡೀರಿ."

ನಾನು ಮ್ಯಾನೇಜರನ ಕೈ ಹಿಡಿದುಕೊಂಡೆ. "ಸಾರ್, ತಪ್ಪು ನಂದು. ಬರಬ್ಯಾಡ್ರಿ ಅಂತ ಅವನು ಕೈ ಮುಗದು ಹೇಳಿದ್ದ. ನಾವ ಮಾತು ಮುರದು ಬಂದೀವಿ. ಅವನನ್ನ ತೆಗೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ." ನಿಜಕ್ಕೂ ಬಗ್ಗಿದೆ. ಅದೇ ಹೊತ್ತಿಗೆ ಮದುಮಗನ ತಾಯಿ ಮುಂದೆ ನುಗ್ಗಿದಳು.

"ಟೈಲರನ್ನ ಕಳಿಸಿದ್ರ ನಮ್ಮ ಹುಡುಗನ ತೋಳು ಯಾರು ಹಚ್ಚತಾರ್ರಿ? ಗುರುವಾರ ಮದುವಿ ಐತಿ! ಒಂದ ತೋಳಿಲೆ ತಾಳಿ ಕಟ್ಟಬೇಕೇನು?"

ಮ್ಯಾನೇಜರು ಮದುಮಗನನ್ನು ನೋಡಿದ, ಖಾದರನ ಕೈಯಲ್ಲಿದ್ದ ತೋಳನ್ನು ನೋಡಿದ, ಮೀಸೆ ತಿರುವಿದ. "ನೀವು ಇರ್ರಿ. ಇವರನ್ನ ಏನು ಮಾಡ್ಲಿ ಮತ್ತ? ನೀವೇ ಹೇಳಿ ಭಾಯ್" ಅಂದ.

ನನ್ನ ಗೆಳೆಯ ನಮ್ಮ ಪರವಾಗಿ ಎರಡು ಒಳ್ಳೆಯ ಮಾತು ಆಡುತ್ತಾನೆಂದು ನಾನು ತಲೆ ತಗ್ಗಿಸಿ ನಿಂತೆ.

"ಸಾರ್, ಇಬ್ಬರ ಫೋಟೋ ತಗದು ವಾಚ್‌ಮನ್‌ಗೆ ಕೊಡ್ರಿ. ಇವರನ್ನ ಯಾವತ್ತೂ ಒಳಗ ಬಿಡಬ್ಯಾಡ್ರಿ. ನನ್ನ ಅಂಗಡಿಗೆ ವಾಚ್‌ಮನ್ ಇದ್ದಿಲ್ಲ ಸಾರ್. ಅದಕ್ಕ ಮುಚ್ಚಿದ್ದು."

ಮ್ಯಾನೇಜರು ಹೋ ಎಂದು ನಕ್ಕುಬಿಟ್ಟ. ಸರೋಜಮ್ಮನೂ ನಕ್ಕಳು. ಖಾದರ್ ನಗಲಿಲ್ಲ, ಮದುಮಗನ ಹೆಗಲಿಗೆ ತೋಳು ಹಿಡಿದು ಅಳತೆ ನೋಡುತ್ತ ಮೆಟ್ಟಿಲು ಹತ್ತಿದ. 'ಈ ಕೆಳಗೆ ಸಹಿ ಮಾಡಿರುವ ನಾವು ಇನ್ನು ಮುಂದೆ ಸದರಿ ಮಾಲಿನ ಒಳಗೆ ಯಾವ ಕಾರಣಕ್ಕೂ ಕಾಲಿಡತಕ್ಕದ್ದಲ್ಲ' ಎಂದು ಬರೆಸಿಕೊಂಡರು. ಎಳೆ ಕಿತ್ತ ಬಟ್ಟೆಗಳನ್ನೆಲ್ಲ ನನ್ನ ತಲೆಗೇ ಕಟ್ಟಿದರು. ಫೋಟೋ ತೆಗೆಯುವಾಗ ಈರಣ್ಣ ಒಂದು ನಿಮಿಷ ತಡೆಯಿರಿ ಎಂದು ಬಾಚಣಿಕೆ ತೆಗೆದು ಕ್ರಾಪು ಬಾಚಿಕೊಂಡ.

ಮನೆಗೆ ಬಂದು ಧೋತರದ ಗಂಟು ಇಳಿಸಿ ಶಾರದಾಗೆ ಎಲ್ಲ ಹೇಳಿದೆ. ಆಕೆಯಾದರೂ ನನ್ನ ಕಡೆ ಇರುತ್ತಾಳೆ ಎಂಬ ಆಸೆ.

"ನಮ್ಮಿಂದ ಅಂಗಡಿ ಮುಚ್ಚಿತಂತ! ಕೇಳಿದೇನು? ಮೂವತ್ತು ವರ್ಷ ಅವನಿಗೆ ಬ್ಯಾಸರ ಆಗಬಾರದು ಅಂತ ಬೆನ್ನು ನೋಯಿಸಿಕೊಂಡು ಕೂತೀನಿ. ಇದು ನ್ಯಾಯ ಏನು?"

ಶಾರದಾ ಎದ್ದಳು. ಬೀರು ತೆಗೆದು ಒಂದು ಕೈಚೀಲ ಹೊರಗೆಳೆದಳು. ಒಳಗೆಲ್ಲ ಇನ್ನೂ ಹೊಲಿಸದ ಬ್ಲೌಸಿನ ಖಣಗಳು.

"ನಾಳೆ ನನ್ನ ಮಾಲಿಗೆ ಬಿಡ್ರಿ. ಖಾದರಣ್ಣನ ಕಡಿ ಹೊಲಿಸಬೇಕು. ಅವನ ಕೈ ಭಾಳ ಚಲೋ ಐತಂತ."

"ಮತ್ತ ಇಷ್ಟು ವರ್ಷ ಯಾಕ ಕೊಡಲಿಲ್ಲ? ನನ್ನ ದೋಸ್ತನ ಅಂಗಡಿ!"

"ಯಾಕ ಅಂದ್ರ? ನೀವೂ ಈರಣ್ಣನೂ ಬಾಗಿಲದಾಗ ಕಾಲು ಚಾಚಿ ಕೂತಿರ್ತಿದ್ರಿ. ಬ್ಲೌಸಿನ ಅಳತಿ ಕೊಡಾಕ ಯಾವ ಹೆಣ್ಮಗಳು ಒಳಗ ಬರ್ತಾಳ್ರಿ? ಓಣ್ಯಾಗಿನ ಒಬ್ಬಾಕಿನೂ ಹೋಗ್ತಿದ್ದಿಲ್ಲ. ನಾನೂ ಸ್ಟೇಷನ್ ರೋಡಿನ ಟೈಲರ್ ಕಡಿ ಹೋಗ್ತಿದ್ದೆ."

ನಾನು ಕೂತಲ್ಲೇ ಕೂತೆ. ಆ ಬೋರ್ಡಿನಲ್ಲಿ ಲೇಡೀಸ್ ಎಂಬುದೇ ಮೊದಲು ಇತ್ತು. ಮೂವತ್ತು ವರ್ಷದಲ್ಲಿ ಒಬ್ಬ ಲೇಡಿಯೂ ಬರಲಿಲ್ಲವಲ್ಲ ಎಂದು ನಾವು ಖಾದರನ ಗ್ರಹಗತಿಯ ಬಗ್ಗೆ ಎಷ್ಟು ಸಲ ಮರುಗಿದ್ದೆವು! ಅವನ ಜಾತಕದಲ್ಲಿ ಕೂತಿದ್ದ ಶನಿ ನಾವೇ: ಬೆಂಚಿನ ಎಡಗಡೆ ನಾನು, ಬಲಗಡೆ ಈರಣ್ಣ.

ಮರುದಿನ ಸ್ಕೂಟರಿನ ಹಿಂದೆ ಶಾರದಾ, ಅದರ ಹಿಂದೆ ಒಂದು ಆಟೋದಲ್ಲಿ ನಮ್ಮ ಓಣಿಯ ನಾಲ್ವರು ಹೆಂಗಸರು, ಎಲ್ಲರ ತೊಡೆಯ ಮೇಲೂ ಒಂದೊಂದು ಚೀಲ. ಚೀಲ ಭಾರ ಇದೆ, ಬಾಗಿಲವರೆಗಾದರೂ ಹಿಡಿದುಕೊಂಡು ಬರುತ್ತೇನೆ ಎಂದೆ. ವಾಚ್‌ಮನ್ ಗೋಡೆಗೆ ಅಂಟಿಸಿದ್ದ ನಮ್ಮ ಫೋಟೋ ಕಡೆ ತಿರುಗಿದ, ನನ್ನ ಕಡೆ ತಿರುಗಿದ, ಕೋಲು ಅಡ್ಡ ಹಿಡಿದ. ಶಾರದಾ ಚೀಲ ಕಿತ್ತುಕೊಂಡಳು.

"ನೀವು ಇಲ್ಲೇ ನಿಂದ್ರಿ. ಒಳಗ ಇಣುಕಬ್ಯಾಡ್ರಿ."

ಐದೂ ಜನ ಓಡುವ ಮೆಟ್ಟಿಲು ಹತ್ತಿ ಮೇಲೆ ಹೋದರು. ಅಷ್ಟರಲ್ಲಿ ಈರಣ್ಣನ ಫೋನು: "ಬರ್ಲೇನು? ಎಲ್ಲ್ಯಾರ ಕೂಡೂಣು?"

"ಬ್ಯಾಡಪ್ಪ" ಅಂದೆ. "ನಿಮ್ಮೂರಾಗ ಇರು."

ಬಿಸಿಲಿನಲ್ಲಿ ಸ್ಕೂಟರ್ ಹಿಡಿದುಕೊಂಡು ಎರಡು ತಾಸು ಹೊರಗೆ ನಿಂತೆ. ಮೂವತ್ತು ವರ್ಷದಲ್ಲಿ ಖಾದರನ ವ್ಯಾಪಾರಕ್ಕೆ ನಾನು ಮಾಡಿದ ಮೊದಲ ಸಹಾಯ ಅದು.